ಮೂಲೆಯದೊಂದು ಬಿಡು

ನನ್ನ ಮುಖ ಯಾರಿಗೂ ಗೊತ್ತಿಲ್ಲ.
ಕಾಲು ಗೊತ್ತು.
ಮೂರು ಬೆರಳಿನ, ಸಿಮೆಂಟು ಬಣ್ಣದ ರಬ್ಬರಿನ ಕಾಲು.
ಅದರೊಳಗೆ ನಾನು, ಇವಾಕುರಾ ಸೆಯ್‌ಜಿ,
ಸಂಬಳ ತಿಂಗಳಿಗೆ, ಮಧ್ಯಾಹ್ನದ ಊಟ ಸ್ಟುಡಿಯೋದ್ದು.

ಜೊಬಾರಾನ ಕಣ್ಣು ಮೇಲಿದ್ದವು, ಬಲ್ಬಿನವು.
ನಾನು ನೋಡುತ್ತಿದ್ದದ್ದು ಅವನ ಕುತ್ತಿಗೆಯ ತೂತಿನಿಂದ.
ಲೋಕ ಹೆದರಿಸಿದವನಿಗೆ ಕಂಡದ್ದು
ನಾಲ್ಕು ಬೆರಳಗಲದ ಟೋಕಿಯೋ.
ಟೇಕ್ ಮುಗಿದರೆ ಇಬ್ಬರು ಬಂದು ಬೆನ್ನಿನ ಜಿಪ್ ಎಳೆಯುವರು,
ಕಾಲನ್ನು ತಲೆಕೆಳಗು ಹಿಡಿದರೆ
ಒಂದು ಲೋಟ ಬೆವರು.
ಅಳೆದಿದ್ದೇವೆ, ತಮಾಷೆಯಲ್ಲ.

ಊರು ಕಟ್ಟುತ್ತಿದ್ದವನು ತೊಕಿವಾ.
ಮೊಣಕಾಲೆತ್ತರದ ಬ್ಯಾಂಕು, ಎದೆಯೆತ್ತರದ ರೇಡಿಯೋ ಗೋಪುರ,
ಚೆನ್ನಾಗಿ ಪುಡಿಯಾಗಲೆಂದು ಗೋಡೆಗೆ ವೇಫರ್ ಬಿಸ್ಕತ್ತು.
ರಾತ್ರಿ ಇಲಿಗಳು ಬಂದು ಗಿಂಜಾದ ಅರ್ಧ ತಿಂದುಹೋದರೆ
ಬೆಳಿಗ್ಗೆ ಬಯ್ಯುತ್ತಾ ಮತ್ತೆ ಕಟ್ಟುವನು:
‘ನಿನಗಿಂತ ಮೊದಲು ಬಂದವು ನೋಡು, ಅಸಲಿ ರಾಕ್ಷಸರು.’
ಅವನ ಮೂರು ವಾರಕ್ಕೆ
ನಾನು ಕೊಡುತ್ತಿದ್ದದ್ದು ಮೂರು ನಿಮಿಷ.

ಮೊದಲ ಚಿತ್ರದಲ್ಲೇ ಒಮ್ಮೆ
ಸಿಗರೇಟು ಆರಿಸಿ, ನನ್ನ ಕುತ್ತಿಗೆಯ ತೂತಿಗೆ ಬಾಯಿಟ್ಟು ಹೇಳಿದ:
‘ಏನು ಬೇಕಾದರೂ ತುಳಿ. ಮೂಲೆಯದೊಂದು ಬಿಡು.’
ತೋಫು ಅಂಗಡಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.
ನೀಲಿ ಪರದೆ, ಹೊರಗೊಂದು ತೊಟ್ಟಿ,
ತೊಟ್ಟಿಯಲ್ಲಿ ನಿಜವಾದ ನೀರು.
ಒಳಗೊಂದು ಬಲ್ಬು, ಅಕ್ಕಿಕಾಳಿನಷ್ಟು.

ನಾನು ಕೇಳಲಿಲ್ಲ.
ಆ ವಯಸ್ಸಿನ ಟೋಕಿಯೋದವರನ್ನು ಯಾರೂ ಕೇಳುತ್ತಿರಲಿಲ್ಲ,
ಮಾರ್ಚ್ ತಿಂಗಳ ಆ ರಾತ್ರಿ ಮನೆಯಲ್ಲಿ ಎಷ್ಟು ಜನ ಇದ್ದಿರಿ,
ಬೆಳಿಗ್ಗೆ ಎಷ್ಟು ಎಂದು.

ಹನ್ನೊಂದು ಚಿತ್ರ. ಬಂದರು ಸುಟ್ಟೆ, ಸೇತುವೆ ಮುರಿದೆ,
ಬಾಲ ಬೀಸಿ ಪಾರ್ಲಿಮೆಂಟು ಒರೆಸಿದೆ.
ಹನ್ನೊಂದರಲ್ಲೂ ಹೊಗೆಯ ಹಿಂದೆ, ಮೂಲೆಯಲ್ಲಿ,
ಅಕ್ಕಿಕಾಳಿನಷ್ಟು ಬೆಳಕು.

ಆಮೇಲೆ ಜೊಬಾರಾ ನನ್ನ ಕೈಬಿಟ್ಟ.
ಚಪ್ಪಲಿಯಾದ, ಚಾಕಲೇಟಾದ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯಾದ.
ಊರೂರು ನೆಲಸಮ ಮಾಡಿದವನು
ವಿಮಾ ಕಂಪನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ.
ಯಾವುದೋ ಠಾಣೆಯಲ್ಲಿ ಒಂದು ದಿನದ ಸಾಹೇಬನೆಂದು
ಹೆಗಲಿಗೆ ಪಟ್ಟಿ ಹಾಕಿ ಫೋಟೋ ತೆಗೆದರು.
ನೆಲ ನಡುಗಿದರೆ ಮೇಜಿನಡಿ ಕೂತುಕೊಳ್ಳಿ ಎಂದು
ಶಾಲೆಯ ಗೋಡೆಯ ಮೇಲಿಂದ ಮಕ್ಕಳಿಗೆ ಬುದ್ಧಿ ಹೇಳುತ್ತಾನೆ.
ಮರಿಮಗಳು ಅವನನ್ನು ತಬ್ಬಿಕೊಂಡೇ ಮಲಗುವುದು.
ಹೊಲಿಗೆ ಬಿಟ್ಟಲ್ಲಿ ನೋಡಿದೆ,
ನನ್ನ ಜಾಗದಲ್ಲಿ ಹತ್ತಿ.

ಇವತ್ತು ಓಮಿಯಾದಲ್ಲಿ ಅಭಿಮಾನಿಗಳ ಮೇಳ.
ಮಡಚುವ ಮೇಜು, ಬಾಟಲಿ ನೀರು, ಬೆಳ್ಳಿ ಶಾಯಿಯ ಪೆನ್ನು,
ನನ್ನ ಕಾಲು ಕೇಳಿಕೊಂಡು ಬಂದವರ ಸಾಲು.
ಒಬ್ಬ ಹುಡುಗನ ಟೀ ಶರ್ಟಿನ ಮೇಲೆ ಆ ಅಂಗಡಿ.
ಅದಕ್ಕೆ ಹೆಸರೂ ಇದೆಯಂತೆ: ಸಾಯದ ತೋಫು.
‘ಹನ್ನೊಂದೂ ಫ್ರೇಮು ಫ್ರೇಮು ನೋಡಿದ್ದೇನೆ ಸರ್.
ಜೊಬಾರಾನಿಗೆ ಸೋಯಾ ವಾಸನೆ ಆಗದು, ಅಲ್ಲವಾ?
ಇಲ್ಲಾ, ಅವನು ಹುಟ್ಟಿದ್ದೇ ಅಲ್ಲಿ.’
ಈ ವಾದ ಎಷ್ಟು ಹಬ್ಬಿದೆಯೆಂದರೆ
ಒಂದು ಕಂಪನಿ ತೋಫು ಪೊಟ್ಟಣದ ಮೇಲೆ ಅವನ ಮುಖ ಅಚ್ಚು ಹಾಕಿದೆ.
ಹೆಂಡತಿ ತರುತ್ತಾಳೆ. ಅಗ್ಗ. ಸ್ವಲ್ಪ ಹೆಚ್ಚೇ ಮೆತ್ತಗೆ.

ತೊಕಿವಾ ಹೋಗಿ ಇಪ್ಪತ್ತು ವರ್ಷ.
ಚಿತಾಗಾರದಲ್ಲಿ ಸ್ಟುಡಿಯೋದವರು ಏಳು ಜನ,
ನೆಂಟರೆಂದು ಒಬ್ಬರಿಲ್ಲ.
ಮೂಳೆ ಆರಿಸಲು ಕಡ್ಡಿ ನನ್ನ ಕೈಗೇ ಕೊಟ್ಟರು.

ಹುಡುಗ ಫೋನು ಎತ್ತಿ ಹಿಡಿದು ಕಾಯುತ್ತಿದ್ದಾನೆ.
ಹೇಳಿದೆ: ‘ಕಾಲು ಎಟುಕಲಿಲ್ಲ ಕಣಪ್ಪ. ರಬ್ಬರು ಭಾರ.’
ಮುಖ ಸಣ್ಣದಾಯಿತು. ಆಮೇಲೆ ನಕ್ಕ, ನಂಬಲಿಲ್ಲ.
ಸಹಿಗೆಂದು ಟೀ ಶರ್ಟು ಎರಡೂ ಕೈಯಲ್ಲಿ ಎಳೆದು ಹಿಡಿದ.

ಪೆನ್ನು ಅಂಗಡಿಯ ಪರದೆಯವರೆಗೂ ಹೋಯಿತು.
ಸ್ವಲ್ಪ ಪಕ್ಕಕ್ಕೆ ಸರಿಸಿ,
ಬೀದಿಯ ಮೇಲೆ ಬರೆದೆ.